ಕಿಟಕಿ ಪಕ್ಕದ ಮಂಚ

ದೀಪ ಹಾಗೇ ಇರಲಿ, ಆರಿಸಬೇಡಿ. ಬಾಗಿಲಿಗೆ ಬೆನ್ನು ಹಾಕಿ ಕೂತವರು ಈ ಕಡೆ ಬನ್ನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳಿಗೇ ಆದದ್ದು. ಕತ್ತಲಲ್ಲಿ ಒಬ್ಬಳೇ ಒಂದು ಬಾವಿ ಪಕ್ಕ ಹಾದು ಮನೆಗೆ ಹೊರಟಿದ್ದಳು... ಅಲ್ಲಿಂದ ಶುರು.

ಅವಳನ್ನು ಮನೆಯಲ್ಲಿ ಎಲ್ಲರೂ ಚಕ್ರಿ ಅಂತಲೇ ಕರೆಯೋದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ಅಜ್ಜಿ ಇಟ್ಟ ಹೆಸರು. ಕತೆ ಕಟ್ಟುವ ಜಾಣತನ ಅವಳಿಗಿಲ್ಲ. ಸ್ಕೂಲಿಗೆ ಚಕ್ಕರ್ ಹಾಕೋಕೆ ಹೊಟ್ಟೆನೋವು ಅಂದರೂ ಅರ್ಧಗಂಟೆಯಲ್ಲಿ ಮರೆತು ಆಡೋಕೆ ಓಡಿ ಸಿಕ್ಕಿಬೀಳುತ್ತಿದ್ದವಳು. ಅದಕ್ಕೇ ನಾನು ಇದನ್ನು ನಂಬಿದ್ದು.

ಓದೋಕೆ ಹೊರದೇಶಕ್ಕೆ ಹೋಗಿದ್ದಳು. ಹಳೇ ಕಟ್ಟಡಗಳನ್ನು ಕೆಡವದೆ ರಿಪೇರಿ ಮಾಡುವ ವಿದ್ಯೆ. ದೊಡ್ಡ ಊರು ಅದು, ಈ ತುದಿಯಲ್ಲಿ ರೈಲು ಹತ್ತಿದರೆ ಆ ತುದಿಗೆ ಹೋಗೋಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತೆ. ಇವಳು ರೈಲು ಹತ್ತಲಿಲ್ಲ. ರಜೆ ಬಂತು ಅಂದರೆ ಒಂದು ದಿಕ್ಕು ಹಿಡಿದು ನಡೆದಳು, ಕಾಲು ಸೋತಾಗ ತಿರುಗಿದಳು. ಗೋಡೆ ಮುಟ್ಟಿ ನೋಡೋದು, ಬಾಗಿಲ ಚೌಕಟ್ಟು ತಟ್ಟಿ ನೋಡೋದು.

ಆ ಊರಿಗೆ ಮಾತ್ರ ಇವಳು ಬೇಕಾಗಿರಲಿಲ್ಲ. ದಾರಿ ಕೇಳಿದರೆ ಜನ ಕಿವಿ ಕೇಳಿಸದವರ ಹಾಗೆ ಹೋಗಿಬಿಡೋರು. ಯಾವುದಾದರೂ ಮನೆ ಮುಂದೆ ನಿಂತು ಕತ್ತೆತ್ತಿದರೆ ಮೇಲಿನ ಕಿಟಕಿಯ ಪರದೆ ಸರ್ರನೆ ಮುಚ್ಚಿಕೊಳ್ಳೋದು. ಒಬ್ಬಾತ ಗೇಟಿನೊಳಗಿಂದಲೇ ನಾಯಿ ಛೂ ಬಿಟ್ಟಿದ್ದ.

ಮನೆಯಲ್ಲಾದರೂ ಸುಖ ಇತ್ತಾ ಅಂದರೆ ಅದೂ ಇಲ್ಲ. ಬಾಡಿಗೆ ಮನೆಯಲ್ಲಿ ಜೊತೆಗಿದ್ದವಳು ನಮ್ಮ ಭಾಷೆಯವಳೇ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ವಯಸ್ಸಲ್ಲಿ ದೊಡ್ಡವಳು ಅಂತ ಚಕ್ರಿ ಅವಳನ್ನು ಅಕ್ಕ ಅನ್ನೋಳು. ಕರೆಯೋಕೆ ಅಕ್ಕ, ಅಷ್ಟೇ. ನಾಲಿಗೆ ಕತ್ತರಿ. ಬೆಳಗಿನ ಜಾವದ ಡ್ಯೂಟಿ ಇದ್ದದ್ದರಿಂದ ಸಂಜೆ ಆಗುತ್ತಲೇ ಒಳಗಿನಿಂದ ಚಿಲಕ ಹಾಕಿ ಮಲಗಿಬಿಡುತ್ತಿದ್ದಳು.

"ಚಿಲಕ ಬಿದ್ದ ಮೇಲೆ ಬಂದರೆ ಹೊರಗೇ ಇರು. ಎದ್ದು ಬಂದು ಬಾಗಿಲು ತೆಗೆಯೋಕೆ ನಾನೇನು ನಿಮ್ಮಮ್ಮ ಅಲ್ಲ," ಅಂತ ಮೊದಲ ದಿನವೇ ಹೇಳಿದ್ದಳು. ಚಕ್ರಿಗೆ ಕೊಟ್ಟದ್ದು ಬೀದಿ ಕಡೆಯ ರೂಮು. ಕಿಟಕಿ ಪಕ್ಕ ಒಬ್ಬರೇ ಮಲಗುವಷ್ಟು ಅಗಲದ ಕಬ್ಬಿಣದ ಮಂಚ.

ಅವತ್ತು ಚಳಿಗಾಲದ ರಜೆ. ಆ ದೇಶದಲ್ಲಿ ಚಳಿಗಾಲ ಅಂದರೆ ಮಧ್ಯಾಹ್ನದ ಊಟ ಅರಗುವ ಮೊದಲೇ ಕತ್ತಲು. ಚಕ್ರಿ ಊರಿನ ಹಳೇ ಭಾಗದಲ್ಲಿ ಸುತ್ತಾಡಿ ಮನೆ ಕಡೆ ತಿರುಗಿದ್ದಳು. ಮಳೆ ಬಿದ್ದು ಎಷ್ಟೋ ದಿನ ಆಗಿತ್ತು, ನೆಲ ಒಣಗಿ ಬೆಳ್ಳಗಾಗಿತ್ತು. ಒಂದು ಸಣ್ಣ ಚೌಕ. ನಡುವೆ ಕಲ್ಲಿನ ಬಾವಿ. ಓದಿದ ಕಣ್ಣಲ್ಲವಾ, ನಿಂತು ನೋಡಿದಳು. ಕಟ್ಟೆಯ ಕಲ್ಲು ನೂರಾರು ವರ್ಷದ್ದು... ಮೇಲೆ ಮುಚ್ಚಿದ್ದ ಕಬ್ಬಿಣದ ಜಾಲರಿ ಮಾತ್ರ ಹೊಸದು. ವೆಲ್ಡಿಂಗ್ ಗುರುತು ಇನ್ನೂ ಹೊಳೆಯುತ್ತಿತ್ತು.

ಒಳಗೆ ಎಲ್ಲೋ ಆಳದಲ್ಲಿ... ಗುಳುಂ.

ಅವಳು ಬಗ್ಗಿದಳು. ಮತ್ತೆ ಸದ್ದಿಲ್ಲ.

"ದಾರಿ ತಪ್ತಾ?"

ಹಿಂದಿನಿಂದ. ಮೆಲ್ಲಗೆ. ಕನ್ನಡದಲ್ಲಿ.

ಚಕ್ರಿಗೆ ಹೊಟ್ಟೆಗೆ ಹಾಲೆರೆದ ಹಾಗಾಯಿತು. ಬೀದಿಯಲ್ಲಿ ನಮ್ಮ ಮಾತು ಕೇಳಿ ತಿಂಗಳುಗಳೇ ಆಗಿತ್ತು. ತಿರುಗಿದರೆ ಒಬ್ಬ ಹೆಂಗಸು. ಮೂವತ್ತರ ಒಳಗಿನವಳು, ತೆಳ್ಳಗಿನ ಕೋಟು, ಬಿಗಿಯಾಗಿ ಬಾಚಿದ ಕೂದಲು.

"ಇಲ್ಲ, ದಾರಿ ಗೊತ್ತು. ನೀವು ನಮ್ಮ ಕಡೆಯವರಾ?"

"ಹೂಂ. ಜೊತೆಗೆ ನಡಿ. ನಾನೂ ಮನೆಗೇ."

ಇಬ್ಬರೂ ಹೊರಟರು. ಹೆಂಗಸು ಪಕ್ಕಕ್ಕೆ ಬರಲಿಲ್ಲ, ಒಂದು ಹೆಜ್ಜೆ ಹಿಂದೆಯೇ ಉಳಿದಳು. ಚಕ್ರಿಗೆ ಮಾತಾಡುವ ಹಸಿವು. ಕಾಲೇಜು, ಊಟ, ಅಕ್ಕನ ಸಿಡುಕು, ಎಲ್ಲ ಒಂದೇ ಉಸಿರಿಗೆ ಹೇಳಿಕೊಂಡಳು. ಆ ಕಡೆಯಿಂದ ಬಂದದ್ದು ಬರೀ ಪ್ರಶ್ನೆ.

"ಬೀದಿ ಕಡೆ ರೂಮಾ?"

"ಹೌದು."

"ಕಿಟಕಿ ಪಕ್ಕ ಮಂಚ?"

"ಹೌದು... ನಿಮಗೆ ಹೇಗೆ ಗೊತ್ತು?"

ಆಗಲೇ ಚಕ್ರಿಗೆ ಹಿಂದಿನಿಂದ ಒಂದು ಸದ್ದು ಕೇಳಿಸಿದ್ದು. ಪಚಕ್... ಪಚಕ್... ನೀರು ತುಂಬಿದ ಬೂಟು ತುಳಿದ ಹಾಗೆ.

ಎದುರಿಗೆ ಒಂದು ಬ್ರೆಡ್ ಅಂಗಡಿ, ಬೆಳಕು ಇತ್ತು. ಏನಾದರೂ ಕೊಳ್ಳುವ ನೆಪದಲ್ಲಿ ಚಕ್ರಿ ಒಳಗೆ ನುಗ್ಗಿದಳು. ಅಂಗಡಿಯವನು ಮುಚ್ಚುವ ಗಡಿಬಿಡಿಯಲ್ಲಿದ್ದ. ಇವಳನ್ನು ನೋಡಿ ಹುಬ್ಬು ಗಂಟಿಕ್ಕಿದ. ಆಮೇಲೆ ನೆಲ ನೋಡಿದ. ಒರೆಸಿ ಒಣಗಿದ ನೆಲ. ನೆಲ ಒರೆಸುವ ಕೋಲು ಎತ್ತಿಕೊಂಡು ಬಾಗಿಲಿನಿಂದ ಒಳಗಿನವರೆಗೆ ತೋರಿಸಿ ಬೈಯತೊಡಗಿದ. ಅವನು ತೋರಿಸಿದ ಕಡೆಯೆಲ್ಲ ಒದ್ದೆ ಹೆಜ್ಜೆ. ಚಕ್ರಿ ತನ್ನ ಬೂಟು ನೋಡಿಕೊಂಡಳು. ಧೂಳು ಹಿಡಿದು ಒಣಗಿತ್ತು.

ಅಂಗಡಿಯವನು ತೋಳು ಹಿಡಿದು ಹೊರಗೆ ದಬ್ಬಿದ. ಷಟರ್ ದಡ್ ಅಂತ ಬಿತ್ತು.

ಹೆಂಗಸು ಬೀದಿ ದೀಪದ ಕೆಳಗೆ ನಿಂತಿದ್ದಳು. "ಸುಮ್ಮನೆ ಯಾಕೆ ಹೊತ್ತು ಕಳೀತೀಯಾ? ನಡಿ."

ಕೊರೆಯುವ ಚಳಿ. ಚಕ್ರಿ ಉಸಿರು ಬಿಟ್ಟರೆ ಹೊಗೆ ಏಳುತ್ತಿತ್ತು. ಆ ಹೆಂಗಸು ಇಷ್ಟು ಮಾತಾಡಿದಳಲ್ಲ... ಬಾಯಿಂದ ಒಂದೆಳೆ ಹೊಗೆ ಬರಲಿಲ್ಲ.

ಇದನ್ನು ಮನೆ ತನಕ ಕರೆದುಕೊಂಡು ಹೋಗಬಾರದು ಅಂತ ಮಾತ್ರ ಚಕ್ರಿಗೆ ಹೊಳೆಯಿತು. ಬೇಕೆಂದೇ ಎಡಕ್ಕೆ, ಮನೆಗೆ ಸಂಬಂಧವೇ ಇಲ್ಲದ ಒಂದು ಓಣಿಗೆ ತಿರುಗಿದಳು.

ಹಿಂದೆ ಪಚಕ್ ಸದ್ದು ನಿಂತಿತು.

"ಆ ಕಡೆ ಅಲ್ಲ. ಮನೆ ಈ ಕಡೆ."

ಆಮೇಲೆ ನೋಡಿ ಓಟ. ಎದುರು ಬಂದವರ ಕೋಟು ಹಿಡಿದಳು, ಅವರು ಕೈ ಕಿತ್ತುಕೊಂಡರು. ಒಬ್ಬಳು ಮುದುಕಿ ಕಿರುಚಿದಳು. ಮನೆಗೆ ಹೋಗಬಾರದು ಅಂತ ಮನಸ್ಸು ಹೇಳುತ್ತಿತ್ತು, ಕಾಲು ಕೇಳಲಿಲ್ಲ. ಗಾಬರಿ ಬಿದ್ದವರು ಮನೆ ಬಿಟ್ಟು ಇನ್ನೆಲ್ಲಿಗೆ ಓಡ್ತಾರೆ, ಹೇಳಿ.

ಮೂರನೇ ಮಹಡಿ. ಮೆಟ್ಟಿಲ ದೀಪಕ್ಕೆ ಅಲ್ಲಿ ಮಹಡಿಗೊಂದು ಗುಂಡಿ. ಒತ್ತಿದರೆ ಟಿಕ್ ಟಿಕ್ ಅಂತ ಸ್ವಲ್ಪ ಹೊತ್ತು ಉರಿದು ತಾನೇ ಆರಿಹೋಗುತ್ತೆ. ಒತ್ತಿದಳು, ಮೇಲಕ್ಕೆ ಓಡಿದಳು. ಬೀಗ ತೆಗೆದಳು. ಬಾಗಿಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಒಳಗೆ ಚಿಲಕ.

"ಅಕ್ಕ... ಅಕ್ಕ, ಬಾಗಿಲು ತೆಗೀರಿ."

ಒಳಗೆ ಚಪ್ಪಲಿ ಎಳೆದ ಸದ್ದು. ಬಾಗಿಲ ಹಿಂದೆ ಅಕ್ಕನ ಪಿಸುಮಾತು. "ಒಬ್ಬಳೇ ಬಂದಿದೀಯಾ?"

"ಹೂಂ ಅಕ್ಕ. ಒಬ್ಬಳೇ."

"ಸುಳ್ಳು ಹೇಳ್ಬೇಡ ಕಣೇ. ಮೆಟ್ಟಿಲ ಮೇಲೆ ಎರಡು ಜೊತೆ ಕಾಲು ಬಂತು. ಒಂದು ಒದ್ದೆ."

"ಅಕ್ಕ, ಯಾರದು? ನನ್ನ ರೂಮು, ಮಂಚ, ಎಲ್ಲ ಗೊತ್ತು ಅದಕ್ಕೆ."

ಅಕ್ಕ ಹೇಳಿದಳು. "ನಿನಗಿಂತ ಮುಂಚೆ ಅಲ್ಲಿ ಮಲಗ್ತಿದ್ದೋಳು. ಹೋದ ಚಳಿಗಾಲ ಹಳೇ ಚೌಕದ ಬಾವೀಲಿ ಹೆಣವಾಗಿ ಸಿಕ್ಕಳು. ನೀನು ಎಲ್ಲಿಗಾದ್ರೂ ಹೋಗು. ನಾನು ತೆಗೆಯಲ್ಲ."

ಟಪ್. ದೀಪ ಆರಿತು.

ಕತ್ತಲಲ್ಲಿ ಒಂದು ಮೆಟ್ಟಿಲು. ಪಚಕ್.

ಚಕ್ರಿ ಗೋಡೆ ತಡಕಿ ಗುಂಡಿ ಒತ್ತಿದಳು. ಹೆಂಗಸು ಕೆಳಗಿನ ತಿರುವಿನಲ್ಲಿದ್ದಳು, ಕೋಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮತ್ತೆ ಕತ್ತಲು. ಮತ್ತೆ ಒತ್ತಿದಳು. ಈಗ ಕೈಗೆಟಕುವಷ್ಟು ಹತ್ತಿರ. ಆದರೆ ಕಣ್ಣು ಚಕ್ರಿಯ ಮೇಲಿರಲಿಲ್ಲ, ಬಾಗಿಲ ಮೇಲಿತ್ತು.

"ಅವತ್ತೂ ಹೀಗೇ," ಅಂದಳು. "ಬಡಿದೆ, ಬಡಿದೆ. ತೆಗೀಲಿಲ್ಲ."

ಆಗ ಚಕ್ರಿ ಏನು ಮಾಡಿದಳು ಗೊತ್ತಾ? ನನಗೆ ಇದನ್ನು ಹೇಳುವಾಗಲೂ ಅವಳು ತಲೆ ಎತ್ತಲಿಲ್ಲ. ಬಾಗಿಲು ಬಿಟ್ಟು ಗೋಡೆಗೆ ಅಂಟಿಕೊಂಡು ನಿಂತಳು. "ನಾನು ನಿಮಗೆ ಅಡ್ಡ ಇಲ್ಲ," ಅಂದಳು. "ಏನಿದ್ರೂ ಒಳಗಿರೋರ ಹತ್ರ ಮಾತಾಡ್ಕೊಳಿ."

ಹೆಂಗಸು ಪಕ್ಕದಲ್ಲೇ ಹಾದುಹೋದಳು. ಬಾವಿಯ ಪಾಚಿ ವಾಸನೆ ಮುಖಕ್ಕೆ ಹೊಡೆಯಿತು. ಚಕ್ರಿ ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಬೆಳಗು ಮಾಡಿದಳು. ಕಾವಲಿನವನು ಎಷ್ಟು ಸಲ ಎಬ್ಬಿಸಿದನೋ ಅವಳಿಗೇ ಲೆಕ್ಕವಿಲ್ಲ.

ಬೆಳಕಾದ ಮೇಲೆ ಹೋದಳು. ಬಾಗಿಲು ಹಾರುಹೊಡೆದಿತ್ತು. ಚಿಲಕ ಮುರಿದಿರಲಿಲ್ಲ, ಸರಿಯಾಗಿ ಸರಿಸಿ ತೆಗೆದಿತ್ತು. ಅಕ್ಕ ಅಡುಗೆಮನೆಯ ಕುರ್ಚಿಯ ಮೇಲೆ ಕೂತಿದ್ದಳು. ಕೋಟು, ಬೂಟು ಹಾಕಿಕೊಂಡು... ಎರಡೂ ಕಾಲು ಕುರ್ಚಿ ಮೇಲೆಳೆದುಕೊಂಡು. ನೆಲಕ್ಕೆ ಕಾಲು ಊರೋಕೆ ಒಲ್ಲಳು.

"ಅಕ್ಕ... ನೀವೇ ತೆಗೆದ್ರಾ?"

ಅಕ್ಕ ಅವಳನ್ನೇ ದಿಟ್ಟಿಸಿ ನೋಡಿದಳು. ಆ ನೋಟ ಮರೆಯೋಕಾಗಲ್ಲ ಅಂತಾಳೆ ಚಕ್ರಿ.

"ನೀನೇ ಕರೆದೆಯಲ್ಲೇ. 'ಅವಳು ಹೋದಳು ಅಕ್ಕ, ಈಗ ತೆಗೀರಿ' ಅಂತ. ನಿನ್ನ ದನಿನೇ. ಅಳ್ತಿದ್ದೆ."

ಆಮೇಲೆ ಅಕ್ಕ ಬಾಯಿ ಬಿಟ್ಟದ್ದು ಒಂದೇ ಸಲ, "ಸಾಮಾನು ತಗೊಂಡು ಹೋಗು" ಅನ್ನೋಕೆ. ಒಳಗೆ ಏನು ನಡೀತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಕ್ಕನೂ ಅದೇ ವಾರ ಕೆಲಸ ಬಿಟ್ಟು ಬೇರೆ ಊರಿಗೆ ಹೋದಳು. ಚಕ್ರಿ ಕಾಲೇಜಿನ ಹಾಸ್ಟೆಲ್ ಸೇರಿ ಹೇಗೋ ಓದು ಮುಗಿಸಿದಳು. ಮತ್ತೆ ಆ ಊರಲ್ಲಿ ಬಸ್ಸಿಲ್ಲದೆ ಎಲ್ಲಿಗೂ ಹೋಗಲಿಲ್ಲ.

ಆ ಮನೆಗೆ ಈಗ ಚಕ್ರಿಯ ಕಾಲೇಜಿನದೇ ಒಬ್ಬ ಹುಡುಗಿ ಬಂದಿದಾಳೆ. ಬೇರೆ ದೇಶದವಳು, ಇವಳಿಗೆ ಮುಖಪರಿಚಯ. ನಮ್ಮ ಭಾಷೆಯ ಒಂದಕ್ಷರ ಗೊತ್ತಿಲ್ಲ. ಚಕ್ರಿಗೆ ವಿಷಯ ತಿಳಿಯೋ ಹೊತ್ತಿಗೆ ಅವಳು ಅಲ್ಲಿ ಸಾಮಾನು ಇಟ್ಟಾಗಿತ್ತು. ಹೋದ ತಿಂಗಳು ಚಕ್ರಿ ನಮ್ಮನೆಗೆ ಬಂದಿದ್ದಾಗ ಆ ಹುಡುಗಿ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ, ಸ್ಪೀಕರ್ ಹಾಕಿತ್ತು. ಬೇರೆಯವರು ಹೇಳಿದ್ದಲ್ಲ, ಈ ಎರಡು ಕಿವಿಯಲ್ಲಿ ಕೇಳಿದೀನಿ.

ನೀನು ನಿಮ್ಮಮ್ಮನ ಹತ್ತಿರ ಫೋನಲ್ಲಿ ಆಡುತ್ತಿದ್ದೆಯಲ್ಲ, ಆ ಭಾಷೆಯದ್ದೇ ಇರಬೇಕು, ಒಂದು ಮಾತಿಗೆ ಅರ್ಥ ಹೇಳು ಅಂದಳು. ರಾತ್ರಿ ಕಿಟಕಿ ಪಕ್ಕದ ಆ ಮಂಚದಲ್ಲಿ ಮಲಗಿದ ಮೇಲೆ ಕಿವಿ ಹತ್ತಿರ ಯಾರೋ ಅದನ್ನೇ ಹೇಳ್ತಾರೆ, ಕನಸಿರಬೇಕು ಅಂದಳು. ಆಮೇಲೆ ನಾಲಿಗೆ ಹೊರಳದೆ ಬಿಡಿಸಿ ಬಿಡಿಸಿ ಹೇಳಿದಳು.

"ಜ... ರು... ಗು."