ಕಟ್ಟು ಬಿಚ್ಚುವ ಮೊದಲು

ಅಧ್ಯಕ್ಷ ಪೀಠದಲ್ಲಿರುವ ಹಿರಿಯರೇ, ಇಂದು ಸನ್ಮಾನಿತರಾಗುತ್ತಿರುವ ಡಾಕ್ಟರ್ ಹರಿದಾಸ ರಾಯರೇ, ಮದರಾಸಿನ ಕನ್ನಡ ಬಂಧುಗಳೇ, ಸಭಿಕರೇ,

ಮೂರೇ ನಿಮಿಷ ಮಾತಾಡಿ ಎಂದಿದ್ದಾರೆ. ಹೋಟೆಲಿನವನಿಗೆ ಬಡಿಸಲು ಹೇಳಬೇಕು, ಭಾಷಣ ಮಾಡಲು ಹೇಳಬಾರದು. ಎಲ್ಲಿ ನಿಲ್ಲಿಸಬೇಕೆಂದು ನನಗೆ ಎರಡರಲ್ಲೂ ತಿಳಿಯದು.

ರಾಯರ ಪರಿಚಯವಾದದ್ದು ಐವತ್ತಾರರಲ್ಲಿ. ನಮ್ಮ ತಾಂಬರಂ ಹೋಟೆಲಿನ ಅಡಿಗೆಭಟ್ಟ ಮಧ್ವರಾಜನ ಮೇಲೆ ಕುದಿಯುವ ಎಣ್ಣೆಯ ಬಾಣಲೆ ಮಗುಚಿತು. ಸುಟ್ಟ ಗಾಯಕ್ಕೆ ಇಡ್ಲಿ ಹಿಟ್ಟು ಮೆತ್ತುವುದು ನಮ್ಮ ಅಡಿಗೆಮನೆಗಳ ವಾಡಿಕೆ. ಬೆರಳಿಗಾದರೆ ಸರಿ, ಇಡೀ ಮೈಗೆ? ನಾನೇ ಒಂದು ಕೊಳಗ ಹಿಟ್ಟು ಸುರಿದೆ. ಆಸ್ಪತ್ರೆಯಲ್ಲಿ ರಾಯರು ಅದನ್ನು ಕೆರೆದು ತೆಗೆಯಬೇಕಾಯಿತು. ಆ ಕೂಗನ್ನು ಇಲ್ಲಿ ವರ್ಣಿಸಲಾರೆ.

ಮರುದಿನ ರಾಯರು ನನ್ನನ್ನು ಹೊರಗೆ ಕರೆದರು. "ಭಟ್ರೇ, ಇವನು ಉಳಿಯುವುದಿಲ್ಲ. ದಿನಾ ಗಾಯದ ಕಟ್ಟು ಬಿಚ್ಚಿ ತೊಳೆಯುವುದು ಬೇಡ. ನೋವು ತಿಳಿಯದ ಹಾಗೆ ಮದ್ದು ಕೊಟ್ಟು ಮಲಗಿಸೋಣ. ಅವನನ್ನೇ ಒಂದು ಮಾತು ಕೇಳಿದರೆ ಹೇಗೆ?" ಎಂದರು.

ನಾನು ಹೆದರಿದೆ. ಅವನ ತಾಯಿ ಜಾನಕಮ್ಮ ಊರಿನಿಂದ ರೈಲು ಹತ್ತಿಯಾಗಿತ್ತು. ಚಿಕಿತ್ಸೆ ಬಿಡಿಸಿ ಮಗನನ್ನು ಕೊಂದೆ ಎಂದರೆ? ಊರವರು ಏನೆಂದಾರು? ಕೇಳುವುದೇನೂ ಬೇಡ, ಆಗುವುದೆಲ್ಲವನ್ನೂ ಮಾಡಿ ಎಂದು ಕೈಮುಗಿದೆ. ರಾಯರು ಆಗ ಹೊಸಬರು, ಒಪ್ಪಿಬಿಟ್ಟರು. ಕ್ಷಮಿಸಿ ರಾಯರೇ, ಸನ್ಮಾನದ ದಿನ ಹೇಳುವ ಮಾತಲ್ಲ ಇದು.

ಮೂರನೆಯ ದಿನ ಬೆಳಿಗ್ಗೆ ಮಧ್ವರಾಜ, "ಧಣಿ, ಇವತ್ತೊಂದು ದಿನ ಬಿಚ್ಚುವುದು ಬೇಡ ಅಂತ ಹೇಳಿ" ಎಂದ.

"ಸ್ವಲ್ಪ ತಡ್ಕೋ ಮಾರಾಯ" ಎಂದೆ.

ಬಿಚ್ಚಿದರು. ಮಧ್ಯಾಹ್ನ ಹೋದ. ಸಂಜೆ ಬಂದಿಳಿದ ತಾಯಿ ನನ್ನನ್ನು ದೂರಲಿಲ್ಲ. ಮಗ ತುಂಬ ನೋವು ತಿಂದನಾ ಎಂದಷ್ಟೇ ಕೇಳಿದರು. ಇಲ್ಲ ಎಂದೆ.

ಇದನ್ನೆಲ್ಲ ಈಗ ಯಾಕೆ ಎತ್ತಿದೆ? ಬರುವ ಸೋಮವಾರ ಗಂಟಲಿನ ಗಡ್ಡೆಗಾಗಿ ರಾಯರ ಆಸ್ಪತ್ರೆಗೆ ಸೇರುತ್ತಿದ್ದೇನೆ. ವಾಸಿಯಾಗುವ ಗಡ್ಡೆಯಲ್ಲವಂತೆ. ಮುಂದಿನ ಸಾಲಿನಲ್ಲಿ ಕುಳಿತಿರುವವನು ನನ್ನ ಮಗ ಕಮಲಾಕರ. ಒಳ್ಳೆಯವನು, ನನ್ನಷ್ಟೇ ಪುಕ್ಕಲ. ಎಲ್ಲವನ್ನೂ ಮಾಡಿ ಎಂದೇ ಹೇಳುತ್ತಾನೆ. ಸಾವಿಗೆ ಹೆದರುತ್ತೇನೆಯೇ? ಹೌದು, ಹೆದರುತ್ತೇನೆ. ಅದಕ್ಕಿಂತ ಹೆಚ್ಚಿನ ಹೆದರಿಕೆ, ಸ್ವಲ್ಪ ತಡ್ಕೋ ಎಂಬ ನನ್ನದೇ ಮಾತನ್ನು, ಇಲ್ಲೇ ಬೆಳೆದ ಅವನು ತನ್ನ ತಮಿಳಿನಲ್ಲಿ ನನಗೆ ಹೇಳಿಯಾನು ಎಂಬುದು.

ರಾಯರೇ, ಈ ಸಲ ಯಾರನ್ನೂ ಹೊರಗೆ ಕರೆಯಬೇಡಿ. ಹಾಸಿಗೆಯ ಹತ್ತಿರ ಬಂದು ನನ್ನನ್ನೇ ಕೇಳಿ. ಅಷ್ಟರಲ್ಲಿ ದನಿ ಹೋಗಿದ್ದರೆ ಬಲಗೈ ಎತ್ತುತ್ತೇನೆ. ಎತ್ತಿದರೆ, 'ಇನ್ನು ಸಾಕು, ಬಿಡಿ' ಎಂದರ್ಥ. ಈ ಸಭೆಯೇ ಸಾಕ್ಷಿ.

ದನಿ ಇರುವಾಗಲೇ ಮಾತಾಡಲು ಬಿಟ್ಟಿರಿ, ಉಪಕಾರವಾಯಿತು. ನಮಸ್ಕಾರ.