ಬ್ಯಾನರ್ ಮ್ಯಾಲಿನ ನಾಲಿಗಿ

…ಉಗುಳಬ್ಯಾಡ್ರಿ ಅಕ್ಕಾರ, ಉಗುಳಬ್ಯಾಡ್ರಿ. ಈಗಷ್ಟ ಕೊಬ್ಬರಿ ಎಣ್ಣಿ ಬಾಯಿಗೆ ಹಾಕ್ಕೊಂಡೀರಿ. ಭಾಳೊತ್ತು ಮುಕ್ಕಳಿಸಬೇಕು ಅಂತ ಊರಿಗೆಲ್ಲಾ ಹೇಳೋರು ನೀವಽ. ಸುದ್ದಿ ಗಂಭೀರ ಐತಿ ಖರೆ, ಕುಂತು ಕೇಳ್ರಿ. ನಿನ್ನೆ ಸಂಜಿಮುಂದ ನಾ ಒಂದು ಬೇಕರಿ ಪಾವ್ ತಿಂದೀನಿ. ಇಡೀ ಪಾವ್. ಚಾದಾಗ ಅದ್ದಿ. ಚಾಕ್ಕ ಸಕ್ರಿ ಇತ್ತು.

ಕಣ್ಣು ಯಾಕ ಹಂಗ ಬಿಡ್ತೀರಿ? ಯಾರೂ ಸತ್ತಿಲ್ಲ.

ಪಾವ್ ಬಂದ್, ಸಕ್ರಿ ಬಂದ್, ಬೆಲ್ಲ ಬಂದ್, ಶೇಂಗಾ ಚಟ್ನಿ ಬಂದ್… ಸೊಲ್ಲಾಪುರದಾಗ ಡಾಯೆಟ್ ಸೆಂಟರ್ ಇಟ್ಕೊಂಡು ಶೇಂಗಾ ಚಟ್ನಿ ಬಂದ್ ಮಾಡಸಾಕ ಧೈರ್ಯ ಬೇಕು, ಅದನ್ನ ಒಪ್ಪತೀನಿ. ನನ್ನ ನಾಲಿಗಿ ಬೆಳ್ಳಗಾಗಿತ್ತು. ನೀವು ಟಾರ್ಚ್ ಹಿಡದು ನೋಡಿದ್ರಿ, ಫೋಟೋ ತಗದ್ರಿ, "ಗೋಪಿಕಾ, ನಿನ್ನ ಹೊಟ್ಟ್ಯಾಗ ಈಸ್ಟ್ ಬೆಳದೈತಿ" ಅಂದ್ರಿ. "ಅಕ್ಕ ಕಲತಾಕಿ, ಕೇಳು" ಅಂದ್ರು ನಮ್ಮ ಮನಿಯವರು, ನಿಮ್ಮ ತಮ್ಮ. ಕೇಳಿದೆ. ಮುಂಜಾನಿ ಬಳ್ಳೊಳ್ಳಿ ಕ್ಯಾಪ್ಸೂಲ್, ಮಧ್ಯಾಹ್ನ ಪ್ರೋಬಯಾಟಿಕ್, ಸಂಜಿಗೆ ಇನ್ನೊಂದು, ಅದರ ಹೆಸರು ನನ್ನ ಬಾಯಾಗ ಇನ್ನೂ ತಿರಗೂದಿಲ್ಲ. ಮನಿಮಂದಿ ಹೋಳಿಗಿ ಉಣ್ಣಾಗ ನಾ ಸೌತಿಕಾಯಿ ಕಡೀತಿದ್ದೆ.

ಅದಿರಲಿ. ನಮ್ಮ ಅತ್ತೀ ಮುಂದ, ನಿಮ್ಮವ್ವನ ಮುಂದ, ಯಾಕ ಹೇಳಿದ್ರಿ?

ತಲಿ ಅಲ್ಲಾಡಸಬ್ಯಾಡ್ರಿ, ಎಣ್ಣಿ ಸೀರಿಮ್ಯಾಲ ಬೀಳ್ತೈತಿ. ಈಸ್ಟ್ ಅಂದ್ರ ಬೇಕರ್‍ಯಾಗ ಹಿಟ್ಟಿಗೆ ಹಾಕೂದು ಅಂತ ತಿಳಕೊಂಡ್ರು ಅತ್ತಿ. ಅದು ನನ್ನ ಕೈಯಾಗೂ ಇಳದೈತಿ ಅಂತ ಮರುದಿನದಿಂದ ಹಾಲಿಗೆ ಹೆಪ್ಪು ಹಾಕಾಕ ಬಿಡಲಿಲ್ಲ. ಈ ಮನಿಗೆ ಬಂದಾಗಿಂದ ಹೆಪ್ಪು ಹಾಕಿದಾಕಿ ನಾ. ಆಮ್ಯಾಲ ಕಣಕ ಮುಟ್ಟಬ್ಯಾಡ, ಇಡ್ಲಿ ಹಿಟ್ಟು ಕಲಸಬ್ಯಾಡ. "ನನ್ನ ಕೈಲೆ ಇಡ್ಲಿ ಛಂದ ಉಬ್ಬಬೇಕಲ್ಲ?" ಅಂದೆ. ಯಾರೂ ನಗಲಿಲ್ಲ.

ನಿಮ್ಮ ಬಸರಿ ಮಗಳ ಕುಬಸದ ಊಟ, ಮೈಂದರ್ಗಿ ಊರಾಗ. ನಾ ಅನ್ನ ಬಡಸಾಕ ಹೋದೆ. ಹೆಣ್ಮಕ್ಕಳು ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರು. ಒಬ್ಬಾಕಿ ಅಲ್ಲ, ಸಾಲು ಪೂರಾ. ಬುಟ್ಟಿ ಹಿಡಕೊಂಡು ಆ ತುದೀತನಕ ನಡದೆ, ಒಂದು ಅಗಳೂ ಕಡಿಮಿ ಆಗಲಿಲ್ಲ. ತುದೀಗೆ ನೀವು ಕುಂತಿದ್ರಿ. ನೀವೂ ಕೈ ಅಡ್ಡ ಹಿಡದ್ರಿ ಅಕ್ಕಾರ. ಇದು ಅಂಟುಜಡ್ಡಲ್ಲ ಅಂತ ನಿಮಗಂತೂ ಗೊತ್ತಿತ್ತು.

ಎಣ್ಣಿ ನುಂಗಿದ್ರೇನು? ನುಂಗಬಾರದು. ಬಾಯಾಗಿನ ವಿಷ ಎಲ್ಲಾ ಅದರಾಗ ಇರ್ತೈತಿ, ನಿಮ್ಮದಽ ಪಾಠ.

ಮರುದಿನಾನ ಸೊಲ್ಲಾಪುರದ ದವಾಖಾನಿಗೆ ಹೋದೆ, ನಿಮಗ ಹೇಳದ. ಡಾಕ್ಟರ್ ನಾಲಿಗಿ ನೋಡಿ ಒಂದಽ ಕೇಳಿದ್ರು: "ದಮ್ಮಿನ ಪಂಪ್ ಎಳದಮ್ಯಾಲ ಬಾಯಿ ತೊಳೀತೀರೇನು?" ದಮ್ಮಿಗೆ ನಾ ದಿನಾ ಆ ಇನ್ಹೇಲರ್ ಎಳೀತೀನಿ, ಬಾಯಿ ತೊಳೀತಿದ್ದಿಲ್ಲ. ಪಂಪಿನ ಔಷಧ ಬಾಯಾಗ ಉಳದ್ರ ಹಿಂಗಾಗ್ತೈತಂತ. ಈಸ್ಟ್ ಖರೆ, ಆದ್ರ ಬಾಯಾಗ, ಹೊಟ್ಟ್ಯಾಗ ಅಲ್ಲ. ಹಚ್ಚಾಕ ಡ್ರಾಪ್ಸ್ ಕೊಟ್ರು. ನಾಲಿಗಿ ಕೆಂಪಾತು. ನಿಮ್ಮ ಕ್ಯಾಪ್ಸೂಲ್ ಒಡದು ಹಿತ್ತಲದ ಕರಿಬೇವಿಗೆ ಹಾಕೀನಿ. ಗಿಡಕ್ಕ ಏನೂ ಆಗಿಲ್ಲ, ಛಲೋನೂ ಇಲ್ಲ, ಕೆಟ್ಟೂ ಇಲ್ಲ. ನನ್ನ ಪಂಪ್ ನೀವು ಎಷ್ಟು ಸಲ ನೋಡಿಲ್ಲ? ಒಂದು ಮಾತು ಕೇಳಬೇಕಿತ್ತು.

ಆವಾಗಽ ಹೇಳಬೇಕಿತ್ತು ಅಂತೀರೇನು? ಹೇಳತಿದ್ದೆ. ಅಷ್ಟರಾಗ ನಿಮ್ಮ ಸೆಂಟರಿನ ಬ್ಯಾನರ್ ಬಂತು. ಎಡಕ್ಕ ನನ್ನ ಬೆಳ್ಳನ ನಾಲಿಗಿ, ಬಲಕ್ಕ ಕೆಂಪನ ನಾಲಿಗಿ, ನಡುವ ನಿಮ್ಮ ನಗೂ ಮಾರಿ. ಕೆಳಗ ನನ್ನ ಹೆಸರು. ಅದನ್ನ ನಮ್ಮ ಅಕ್ಕಲಕೋಟ ಸ್ಟ್ಯಾಂಡ್ ಮುಂದ ಕಟ್ಟಿಸಿದ್ರಿ. ಹನ್ನೂರಿಗೆ ಹೋಗೂ ಬಸ್ಸಿಗೆ ನಿಂತ ಮಂದಿ ನನ್ನ ನಾಲಿಗಿ ನೋಡಿ ಬಸ್ ಹತ್ತತಾರ. ಆವಾಗ ಸುಮ್ಮನಾದೆ. ನಿಮ್ಮ ಸುಳ್ಳು ಬೆಳೀಲಿ ಅಂತ ಬಿಟ್ಟೆ.

ಇವತ್ತು ಮಹಿಳಾ ಮಂಡಳದ ಸಭಾ. ರೂಪಾಲಿಬಾಯಿ ಅಧ್ಯಕ್ಷರು, ನಿಮ್ಮ ಭಾಷಣ, ಗುಣಾ ಆದಾಕಿ ಅಂತ ಮೈಕ್ ಮುಂದ ನಾ. ಪಂಪಿನ ಸುದ್ದಿ ಮೈಕಿನಾಗ ಬರಬೇಕೋ ಬ್ಯಾಡೋ, ನೀವಽ ಹೇಳ್ರಿ. ಅಡಗಿಮನ್ಯಾಗ ಅತ್ತಿ ಅದಾರ. ಹೋಗಿ ಒಂದು ಮಾತು ಅನ್ರಿ: ನಾ ತಪ್ಪು ಹೇಳಿದ್ದೆ, ಗೋಪಿಕಾನ ಕೈ ಛಲೋ ಐತಿ. ಅಷ್ಟಽ. ನಾ ಮೈಕ್ ಮುಂದ ಸೌತಿಕಾಯಿ ಹೊಗಳಿ ಇಳದು ಬರ್ತೀನಿ.

ಹೊತ್ತಾತು. ಉಗುಳ್ರಿ ಈಗ.

…ಬಾಯಿ ಒರಸಿಕೊಂಡ್ರಿ. ಹೇಳ್ರಿ.

ಎದ್ದು ಎಲ್ಲಿ ಹೊಂಟ್ರಿ? ಬೈಯೂದಿಲ್ಲೇನು? ಸಭಾಕ್ಕ ಹೋಗೋರು ಇಷ್ಟೊತ್ತಿಗೆ ಸೀರಿ ಆರಸ್ತಿರಬೇಕು. ನೀವು ಸೊಲ್ಲಾಪುರಕ್ಕ ಹೊಂಟೋರಂಗ ಚೀಲ ತುಂಬಾಕತ್ತೀರಿ. …ಹಂಗಾರ ನಿಮಗ ಗೊತ್ತೈತಿ. ರೂಪಾಲಿಬಾಯಿ ಫೋನ್ ಮಾಡ್ಯಾರ. ಫೋನ್ ಮಾಡಬ್ಯಾಡ್ರಿ, ನಾನಽ ಹೇಳತೀನಿ ಅಂತ ಅವರಿಗೆ ಅಂದಿದ್ದೆ. ಅದಕ್ಕಽ ಎದ್ದ ಕೂಡಲೇ ಎಣ್ಣಿ ಬಾಯಿಗೆ ಹಾಕ್ಕೊಂಡ್ರಿ, ನನ್ನ ಜೋಡಿ ಮಾತಾಡೂದು ಬ್ಯಾಡಂತ.

ಹೌದು. ನಿನ್ನೆ ಡಾಕ್ಟರ್ ಚೀಟಿ ಹಿಡಕೊಂಡು ಅವರ ಮನಿಗೆ ಹೋಗಿ ಎಲ್ಲಾ ಹೇಳಿದ್ದೆ. ಮೊದಲ ನೀವು ಅತ್ತಿ ಮುಂದ ಆ ಮಾತು ಅನಬೇಕು, ಆಮ್ಯಾಲ ನಾ ಈ ಸಭಾದ ಸುದ್ದಿ ಹೇಳಬೇಕು ಅಂತ ಇತ್ತು. ಎರಡೂ ಬೇಕಾಗಿದ್ವು ನನಗ.

ಸಭಾ ರದ್ದಾಗೇತಿ. ಬ್ಯಾನರ್ ನಸಕಿನ್ಯಾಗ ಇಳಿಸ್ಯಾರ. ಹೆಪ್ಪು ಇವತ್ತೂ ಅತ್ತೀನ ಹಾಕ್ಯಾರ.