ಬಾಡಿಗೆಗೆ ಹೋದ ಮದುವೆ

ಬಾಡಿಗೆಗೆ ತಂದ ಸಿನಿಮಾ ವಾಪಸ್ ಕೊಡಲು ವಿಡಿಯೋ ಕ್ಯಾಸೆಟ್ ಅಂಗಡಿಯ ಸಾಲಿನಲ್ಲಿದ್ದ ಮೇಷ್ಟರ ಕಿವಿಗೆ ಮುಂದಿದ್ದ ಹೆಂಗಸಿನ ಮಾತು ಬಿತ್ತು.

“ಅಣ್ಣಾ, ಹೋದ ತಿಂಗಳು ನಿಮ್ಮ ಸಿನಿಮಾ ಡಬ್ಬಿಯಲ್ಲಿ ನಮ್ಮ ಮದುವೆ ಕ್ಯಾಸೆಟ್ ಹಾಕಿ ಕೊಟ್ಬಿಟ್ಟಿದ್ದೀನಿ. ಸಿನಿಮಾ ಇಗೋ, ಮನೇಲೇ ಇತ್ತು.”

“ಓ, ಆ ಮದುವೆ ನಿಮ್ಮದಾ? ಎರಡು ಸಲ ಬಾಡಿಗೆಗೆ ಹೋಗಿ ಬಂತು.”

“ಅಳಿಸಿಲ್ಲ ತಾನೆ? ತೀರಿಕೊಂಡ ನಮ್ಮಪ್ಪ ಓಡಾಡೋದು, ಮಾತಾಡೋದು ಅದೊಂದರಲ್ಲೇ ಇರೋದು.”

“ಹಾಗೇ ಇದೆಯಮ್ಮಾ, ತಗೊಳ್ಳಿ.”

ಅವಳು ಅದನ್ನು ಎದೆಗೊತ್ತಿಕೊಂಡು ಉಸಿರು ಬಿಟ್ಟಳು. “ಸಿನಿಮಾ ತಡ ಆದದ್ದಕ್ಕೆ ದಂಡ ಎಷ್ಟಾಯ್ತು?”

“ನಿಮ್ಮ ಮದುವೆ ದುಡಿದ ಬಾಡಿಗೆ ನನ್ನ ಹತ್ರ ಇದೆಯಲ್ಲ. ಅದಕ್ಕಿದು ವಜಾ.”

“ನೋಡಿದೋರು ಬೈಲಿಲ್ವಾ?”

“ಒಬ್ಬರು ದುಡ್ಡು ವಾಪಸ್ ಕೇಳಿದ್ರು. ಇನ್ನೊಬ್ಬರು ಪೂರ್ತಿ ನೋಡಿ, ಹೆಣ್ಣಿನ ಅಪ್ಪನ ಪಾತ್ರದೋರು ನಿಜವಾಗ್ಲೂ ಅತ್ತ ಹಾಗಿತ್ತು ಅಂದ್ರು.”

ಅವಳು ಕಣ್ಣೊರೆಸಿಕೊಂಡು, ನಗುತ್ತಲೇ ಮೆಟ್ಟಿಲಿಳಿದು ಹೋದಳು.

ಮೇಷ್ಟರು ತಮ್ಮ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿಕೊಂಡರು.